ಅಕ್ಕ ಅಳಿಸಿದ ಕಾರ್ಡು

ದೀಪ ಸಣ್ಣಗೇ ಇರ್ಲಿ. ಇದು ನನ್ನ ದೊಡ್ಡಮ್ಮನ ಮಗಳಿಗೆ ಆಗಿದ್ದು, ಕೇಳಿ.

ಆವತ್ತು ಅಕ್ಕ ಅಂಗಡಿ ಬಿಟ್ಟಾಗ ತುಂಬಾ ಹೊತ್ತಾಗಿತ್ತು. ಹಳೇ ಬಾವಿ ಪಕ್ಕದ ದಾರೀಲಿ ಒಬ್ಳೇ ಬರ್ತಿದ್ಲು. ಹಿಂದೆ ಒಂದು ಸದ್ದು... ಚಕ್. ಕಲ್ಲು ಉರುಳಿದ್ದಲ್ಲ, ಕಡ್ಡಿ ಮುರಿದದ್ದೂ ಅಲ್ಲ. ಫೋಟೋಗ್ರಾಫರ್ ಹೆಂಡ್ತಿಗೆ ಆ ಸದ್ದು ಗೊತ್ತಾಗಲ್ವಾ? ಕ್ಯಾಮೆರಾ ಒತ್ತಿದ ಸದ್ದು.

ಯಾಕೆ ಹೊತ್ತಾಯ್ತು ಅಂತ ಹೇಳ್ಬೇಕು. ಭಾವನಿಗೆ ಅಕ್ಕ ಎರಡನೇ ಹೆಂಡ್ತಿ. ಮೊದಲನೆಯವಳು ಜ್ವರ ಬಂದು ತೀರ್ಕೊಂಡಿದ್ಲು. ಅವಳೂ ಫೋಟೋ ತೆಗೀತಿದ್ಲು. ಅವಳು ತೆಗೆದ ಫೋಟೋಗಳಿದ್ದ ಒಂದು ಮೆಮೊರಿ ಕಾರ್ಡನ್ನ ಭಾವ ಶೇವಿಂಗ್ ಡಬ್ಬದಲ್ಲಿ ಬಚ್ಚಿಟ್ಟಿದ್ರು. ಅಕ್ಕ ಕದ್ದು ನೋಡಿದ್ಲು. ಸತ್ತವಳ ಮುಖ ಒಂದರಲ್ಲೂ ಇಲ್ಲ. ಎಲ್ಲದರಲ್ಲೂ ಭಾವನೇ... ನಗ್ತಾ. ಅಂಥ ನಗು ಅಕ್ಕ ಒಂದು ದಿನವೂ ಕಂಡಿರ್ಲಿಲ್ಲ. ಹೊಟ್ಟೆಗೆ ಕಿಚ್ಚು ಬಿತ್ತು. ಸವತಿ ಬದುಕಿದ್ರೆ ಜಗಳವಾದ್ರೂ ಆಡ್ಬಹುದು. ಸತ್ತವಳ ಜೊತೆ ಏನಂತ ಆಡ್ತೀರ?

ಹಳೇ ಕ್ಯಾಮೆರಾ ಮಾರೋ ಅಂಗಡೀಲಿ ಅಕ್ಕನ ಕೆಲ್ಸ, ಗಿರಾಕಿಗಳ ಕಾರ್ಡ್ ಅಳಿಸೋದು. ಬರೀ ಡಿಲೀಟ್ ಮಾಡಿದ್ರೆ ಬಾಗಿಲ ಮೇಲಿನ ಹೆಸರು ಅಳಿಸಿದ ಹಾಗೆ, ಒಳಗಿರೋರು ಒಳಗೇ ಇರ್ತಾರೆ ಅಂತಿದ್ಲು. ಅದಕ್ಕೇ ಆವತ್ತು ಎಲ್ಲರೂ ಹೋದ್ಮೇಲೆ ಕೂತು, ಭಾವನ ಡಬ್ಬದಿಂದ ತಂದ ಕಾರ್ಡಿನ ತುಂಬಾ, ಹಳೇದೇನೂ ಉಳೀದ ಹಾಗೆ, ಬರೀ ಸೊನ್ನೆ ತುಂಬಿಸಿದ್ಲು. ಅಳಿಸಿ ಮತ್ತೆ ತುಂಬಿಸಿದ್ಲು. ಅಳಿಸಿಹೋದ ಫೋಟೋ ಹುಡುಕೋ ಪ್ರೋಗ್ರಾಮ್ ಹಾಕಿದ್ಲು. ಏನೂ ಸಿಗ್ಲಿಲ್ಲ. ಹೊಟ್ಟೆ ತಣ್ಣಗಾಯ್ತು.

ಬಾವಿ ಹತ್ರ ಆ ಸದ್ದು ಕೇಳಿದ್ದೇ, ಓಡಿ ಮನೆ ಸೇರಿದ್ಲು. ಕಾರ್ಡನ್ನ ಡಬ್ಬಕ್ಕೆ ಹಾಕಿ ಮುಸುಕೆಳೆದ್ಲು.

ನಡುರಾತ್ರಿ ಎಚ್ಚರ ಆದಾಗ ಪಕ್ಕದಲ್ಲಿ ಭಾವ ಇಲ್ಲ. ಕುರ್ಚೀಲಿ ಕೂತು, ಆ ಕಾರ್ಡು ಹಾಕಿದ ಕ್ಯಾಮೆರಾ ಪರದೆ ನೋಡ್ತಿದಾರೆ. ಖಾಲಿ ಕಂಡು ಅಳ್ತಿದಾರೆ ಅಂದ್ಕೊಂಡ್ಲು. ಅವರು ನಗ್ತಿದ್ರು... ಅದೇ ನಗು.

ಪರದೇಲಿ ಒಂದೇ ಫೋಟೋ. ಬಾವಿ ಪಕ್ಕ ನಡೆದು ಹೋಗ್ತಿರೋ ಹೆಂಗಸು. ಬೆನ್ನು ಮಾತ್ರ ಕಾಣ್ತಿದೆ.

"ಅದು... ನಾನಲ್ವಾ?" ಅಕ್ಕ ಹತ್ರ ಬಗ್ಗಿ ಕೇಳಿದ್ಲು.

"ಹೂಂ, ನೀನೇ." ಭಾವ ಪಿಸುಗುಟ್ಟಿದ್ರು. "ಸ್ವಲ್ಪ ಎಡಕ್ಕೆ ವಾಲಿದೆ ನೋಡು. ಅವಳ ಕೈ ಯಾವಾಗ್ಲೂ ಹಾಗೇ... ಎಷ್ಟು ಚೆನ್ನಾಗಿ ತೆಗ್ದಿದಾಳೆ."

ಫೋಟೋದಲ್ಲಿರೋಳ ಬಗ್ಗೆ ಒಂದು ಮಾತಿಲ್ಲ. ಹೆದರಿಕೆಗಿಂತ ಅದೇ ನನ್ನನ್ನ ಸುಟ್ಟಿತು ಅಂತ ಅಕ್ಕ ಇವತ್ತಿಗೂ ಹೇಳ್ತಾಳೆ.

ಕಟ್ಟುಕತೆ ಅನ್ಬೇಡಿ. ಆ ಫೋಟೋ ನಾನೇ ಕಣ್ಣಾರೆ ನೋಡಿದೀನಿ. ಅಕ್ಕನ ಹೆಗಲಲ್ಲಿ ನೀಲಿ ಚೀಲ ನೇತಾಡ್ತಿದೆ. ಆ ಹೊತ್ತಲ್ಲಿ ಕಾರ್ಡು ಆ ಚೀಲದೊಳಗೇ ಇತ್ತು.