ಒಳಗಿದ್ದು ಹೊರಗೆ ಹಾಕಿದ ಬೀಗ

ಹೆಸರು ಸಂಗಮೇಶ ಬಿನ್ ಚನ್ನವೀರಪ್ಪ, ವಯಸ್ಸು 45 ವರ್ಷ, ಉದ್ಯೋಗ ಖಾಸಗಿ ರಕ್ತಪರೀಕ್ಷಾ ಲ್ಯಾಬಿನಲ್ಲಿ ಟೆಕ್ನಿಷಿಯನ್, ವಾಸ ಬಿ.ಟಿ.ಎಂ. ಲೇಔಟ್ 2ನೇ ಹಂತ, ಯಲ್ಲಯ್ಯನವರ ಕಟ್ಟಡದ ಎರಡನೇ ಮಹಡಿ, ಬಾಡಿಗೆ ಮನೆ. ಸ್ವಂತ ಊರು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕು. ದಿನಾಂಕ 13-04-2025ರಂದು ಇದೇ ಠಾಣೆಯಲ್ಲಿ ನನ್ನ ಅಕ್ಕ ಕಾಣೆಯಾಗಿದ್ದಾರೆಂದು ದೂರು ಕೊಟ್ಟವನು ನಾನೇ. ಆ ದೂರಿನಲ್ಲಿ ಸುಳ್ಳು ಬರೆಸಿದ್ದೇನೆ. ಅದನ್ನು ತಿದ್ದಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗಳು ಉಮಾಶ್ರೀ, 18 ವರ್ಷ, ಈ ಸಲ ಸಿಇಟಿ ಬರೆಯುತ್ತಿದ್ದಾಳೆ. ಗಣಿತದ ಪತ್ರಿಕೆ 17ನೇ ತಾರೀಖು ಗುರುವಾರ ಬೆಳಿಗ್ಗೆ 10.30ರಿಂದ 11.50. ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ, ಅಂದರೆ ಒಂದು ಪ್ರಶ್ನೆಗೆ ಎಂಬತ್ತು ಸೆಕೆಂಡು. ಉಳಿದ ವಿಷಯಗಳಲ್ಲಿ ಅವಳು ಚೆನ್ನಾಗಿದ್ದಾಳೆ. ಗಣಿತದಲ್ಲಿ ಮಾತ್ರ ಅರವತ್ತಕ್ಕೆ ಮೂವತ್ತೊಂದು, ಮೂವತ್ತಮೂರು ದಾಟುತ್ತಿರಲಿಲ್ಲ. ಮಾರ್ಚ್‌ನಲ್ಲಿ ಪಿಯುಸಿ ಪರೀಕ್ಷೆ ನಡೆಯುತ್ತಿದ್ದಾಗ ಊರಿನಿಂದ ನೆಂಟರು ಬಂದು ಮೂರು ದಿನ ಉಳಿದಿದ್ದರು. ಅವಳ ಅಂಕ ಕಡಿಮೆಯಾಗುವುದಕ್ಕೆ ಅದೇ ಕಾರಣವೆಂದು ನಾನು ತೀರ್ಮಾನಿಸಿದೆ.

ಮಾರ್ಚ್ 23ರಿಂದ ರಜೆಯ ದಿನಗಳಲ್ಲಿ ಮನೆಗೆ ಹೊರಗಿನಿಂದ ಬೀಗ ಹಾಕತೊಡಗಿದೆ. ಇದು ನಾನು ಕಂಡುಹಿಡಿದ ಉಪಾಯವಲ್ಲ. ನಮ್ಮ ಬೀದಿಯಲ್ಲಿ ಸಿಇಟಿ ಮಕ್ಕಳಿರುವ ಇನ್ನೆರಡು ಮನೆಗಳಲ್ಲೂ ಹೀಗೇ ಮಾಡುತ್ತಾರೆ. ಒಳಗೆ ನಿಂತು ಗ್ರಿಲ್ ಬಾಗಿಲಿನ ಸಂದಿಯಲ್ಲಿ ಕೈ ತೂರಿಸಿ ಹೊರಗಡೆ ಬೀಗ ಒತ್ತುವುದು, ಆಮೇಲೆ ಮರದ ಬಾಗಿಲು ಮುಚ್ಚುವುದು. ಚಪ್ಪಲಿ ಒಳಗೆ ತೆಗೆದುಕೊಳ್ಳಬೇಕು. ಕುಕ್ಕರ್ ಕೂಗಿಸಬಾರದು. ಬಂದವರು ಬೀಗ ನೋಡಿ ಹೋಗುತ್ತಾರೆ. ನೆಂಟರ ವಾಟ್ಸಾಪ್ ಗುಂಪಿನಲ್ಲಿ, ಪರೀಕ್ಷೆ ಮುಗಿಯುವವರೆಗೆ ನಾವು ಊರಲ್ಲಿರುವುದಿಲ್ಲ ಎಂದೂ ಹಾಕಿದ್ದೆ. ನನ್ನ ಅಕ್ಕ ಕೆಂಚವ್ವ, 57 ವರ್ಷ, ವಿಧವೆ, ಅವರ ಹತ್ತಿರ ಇರುವುದು ಬಟನ್ ಫೋನು. ಅವರಿಗೆ ಬೇರೆಯಾಗಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

13ನೇ ತಾರೀಖು ಭಾನುವಾರ 10.25ಕ್ಕೆ ಬೀಗ ಹಾಕಿದೆ. 10.30ಕ್ಕೆ ಮಗಳಿಗೆ ಅಭ್ಯಾಸದ ಗಣಿತ ಪತ್ರಿಕೆ ಮತ್ತು ಉತ್ತರ ತುಂಬುವ ಓಎಂಆರ್ ಹಾಳೆ ಕೊಟ್ಟು, ನನ್ನ ಫೋನಿನಲ್ಲಿ ಎಂಬತ್ತು ನಿಮಿಷಕ್ಕೆ ಅಲಾರಾಂ ಇಟ್ಟೆ. ಅವಳು ಕುಳಿತ ಮೇಜು ಮುಂಬಾಗಿಲಿನಿಂದ ಹನ್ನೆರಡು ಅಡಿ ದೂರದಲ್ಲಿದೆ. 10.52ಕ್ಕೆ ಬೆಲ್ ಆಯಿತು. ಬಾಗಿಲಿನ ಗಾಜಿನ ಕಿಂಡಿಯಲ್ಲಿ ನೋಡಿದಾಗ ಅಕ್ಕ ನಿಂತಿದ್ದರು. ಬಲಗೈಯಲ್ಲಿ ಕೈಚೀಲ ಇತ್ತು. ರಾತ್ರಿ ಬಸ್ಸಿನಲ್ಲಿ ಬಂದ ಮುಖ. ನನ್ನ ಫೋನಿಗೆ ಅವರ ಕರೆ ನಾಲ್ಕು ಸಲ ಬಂತು. ಸದ್ದು ಅಡಗಿಸಿ ಇಟ್ಟಿದ್ದರಿಂದ ಹೆಸರು ಮಾತ್ರ ಕಾಣುತ್ತಿತ್ತು. ನೋಡುತ್ತಾ ನಿಂತೆ.

10.57ಕ್ಕೆ ಅಕ್ಕ ಬಾಗಿಲಿನ ಕಡೆ ಬಾಗಿ, ಸಂಗೂ, ಏ ಸಂಗೂ, ನಾ ಬಂದೇನಪಾ ಎಂದು ಕೂಗಿದರು. ಮಗಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟು, ಪತ್ರಿಕೆಯ ಕಡೆ ಕೈ ತೋರಿಸಿದೆ. ಅವಳು ತಲೆ ತಗ್ಗಿಸಿದಳು.

ಅಕ್ಕ ಮೆಟ್ಟಿಲ ಮೇಲೆ ಕುಳಿತರು. ನಮ್ಮ ಮೆಟ್ಟಿಲಿಗೆ ಹನ್ನೊಂದರ ನಂತರ ನೆರಳಿರುವುದಿಲ್ಲ. ನನಗೂ ಅವರಿಗೂ ನಡುವೆ ಇದ್ದದ್ದು ನಾಲ್ಕು ಅಡಿ. ನನ್ನ ಹೆಂಡತಿ ಶರಣಮ್ಮ ಎರಡು ಸಲ ಹತ್ತಿರ ಬಂದು, ಬಾಗಿಲಾ ತಗೀರಿ, ಪಾಪ, ಅಕ್ಕಾರು ಬಿಸಿಲಾಗ ಕುಂತಾರ ಎಂದು ಪಿಸುಗುಟ್ಟಿದಳು. ಪೇಪರ್ ಮುಗೀಲಿ ಎಂದೆ. ಪೇಪರ್ ಮುಗಿಯುವ ಹೊತ್ತಿಗೆ ಬೇರೆ ಚಿಂತೆ ಹತ್ತಿತು. ಇಷ್ಟು ಹೊತ್ತು ಒಳಗಿದ್ದು ಈಗ ಯಾವ ಮುಖ ಹೊತ್ತು ಬಾಗಿಲು ತೆಗೆಯಲಿ? ಅಕ್ಕ ನೀರು ಕುಡಿಯಲು ಕೆಳಗಿಳಿದರೆ ಬೇಗ ಬೀಗ ತೆಗೆದು, ಈಗಷ್ಟೇ ಸಾರಕ್ಕಿ ಮಾರ್ಕೆಟ್ಟಿನಿಂದ ಬಂದೆವೆಂದು ಹೇಳುವುದೆಂದು ಯೋಚಿಸಿದೆ. ಅದಕ್ಕಾಗಿ ತರಕಾರಿ ಚೀಲಕ್ಕೆ ಮನೆಯಲ್ಲಿದ್ದ ಈರುಳ್ಳಿಯನ್ನೇ ತುಂಬಿಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಇದನ್ನು ಬರೆಸುವಾಗ ನನಗೆ ನಾಚಿಕೆಯಾಗುತ್ತಿದೆ. ಆದರೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

11.50ಕ್ಕೆ ಅಲಾರಾಂ ಜೋರಾಗಿ ಹೊಡೆಯಿತು. ಕರೆಯ ಸದ್ದು ಅಡಗಿಸಿದರೂ ಅಲಾರಾಂ ಹೊಡೆಯುತ್ತದೆಂಬುದು ನನಗೆ ಮರೆತುಹೋಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತಾಯಿತು ನನ್ನ ಜಾಣತನ. ಅಕ್ಕ ತಿರುಗಿ ಬಾಗಿಲನ್ನು ನೋಡಿದರು. ಬಹಳ ಹೊತ್ತು ನೋಡಿದರು. ಇನ್ನೊಮ್ಮೆ ಕೂಗಲಿಲ್ಲ, ಬೆಲ್ ಒತ್ತಲಿಲ್ಲ. 11.58ಕ್ಕೆ ಎದ್ದು, ಕೈಚೀಲವನ್ನು ಬೀಗಕ್ಕೇ ತೂಗುಹಾಕಿ, ಸೆರಗು ಸರಿ ಮಾಡಿಕೊಂಡು ಇಳಿದು ಹೋದರು. ಮತ್ತೆ ಬರುತ್ತಾರೆಂದು ಎಂಟು ನಿಮಿಷ ಕಾದೆ. ಬೀಗ ತೆಗೆಯಲು ಆ ಚೀಲವನ್ನು ಎತ್ತಿ ಹಿಡಿಯಬೇಕಾಯಿತು. ಅದರಲ್ಲಿ ಶೇಂಗಾ ಹೋಳಿಗೆ ಮತ್ತು ಮಗಳ ಪರೀಕ್ಷೆಗೆಂದು ಮಠದಿಂದ ತಂದ ವಿಭೂತಿ ಉಂಡೆ ಇದ್ದವು. ಕೆಳಗೆ ಬೇಕರಿ, ಬಸ್ ಸ್ಟಾಪ್, ಉಡುಪಿ ಗಾರ್ಡನ್ ಸಿಗ್ನಲ್‌ವರೆಗೆ ಓಡಿದೆ. ಇರಲಿಲ್ಲ. ಅವರ ಫೋನು ಸ್ವಿಚ್ ಆಫ್ ಆಗಿತ್ತು. ಈ ಊರಿನಲ್ಲಿ ಅವರಿಗೆ ನಮ್ಮ ಮನೆ ಬಿಟ್ಟು ಬೇರೆ ಮನೆ ಗೊತ್ತಿಲ್ಲ.

ಸಂಜೆ 6.40ಕ್ಕೆ ಠಾಣೆಗೆ ಬಂದು, ಅಕ್ಕ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದವರು ಮನೆ ತಲುಪಲೇ ಇಲ್ಲ ಎಂದು ದೂರು ಬರೆಸಿದೆ. ಕಾನ್‌ಸ್ಟೇಬಲ್ ನರೇಂದ್ರ ಅವರು, ಸಾರ್, ಮನೆ ಹತ್ರ ಬಂದಿಲ್ಲ ತಾನೆ, ಗ್ಯಾರಂಟಿನಾ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಗ್ಯಾರಂಟಿ ಎಂದೆ. ಅವರು 14ರಂದು, ಸರ್ಕಾರಿ ರಜೆಯ ದಿನವಾದರೂ, ಇಡೀ ಹೊತ್ತು ಮೆಜೆಸ್ಟಿಕ್‌ನ ಕ್ಯಾಮೆರಾಗಳನ್ನು ನೋಡಿದರು. ಸಂಜೆ 5 ಗಂಟೆಗೆ ಫೋನ್ ಮಾಡಿ, ಬೆಳಗ್ಗಿಂದ ಕಣ್ಣು ಉರೀತಿದೆ ಸಾರ್, ಆದ್ರೂ ಹುಡುಕ್ತೀವಿ, ನೀವು ಟೆನ್ಶನ್ ತಗೋಬೇಡಿ ಎಂದು ನನಗೇ ಧೈರ್ಯ ಹೇಳಿದರು.

ಅದೇ ಸಂಜೆ 6.15ಕ್ಕೆ, ಸುಮ್ಮನೆ ಕುಳಿತಿರಲಾರದೆ, ಮಗಳ ಭಾನುವಾರದ ಓಎಂಆರ್ ಹಾಳೆಯನ್ನು ತಿದ್ದಲು ತೆಗೆದೆ. ಮೊದಲ ಇಪ್ಪತ್ತು ಪ್ರಶ್ನೆಗೆ ಉತ್ತರ ತುಂಬಿದ್ದಳು. ಇಪ್ಪತ್ತೊಂದರಿಂದ ಅರವತ್ತರವರೆಗೆ ಹಾಳೆ ಖಾಲಿ. ಒಂದು ಪ್ರಶ್ನೆಗೆ ಎಂಬತ್ತು ಸೆಕೆಂಡಿನ ಲೆಕ್ಕದಲ್ಲಿ ಇಪ್ಪತ್ತನೆಯದು ಮುಗಿಯುವುದು 10.57ರ ಹೊತ್ತಿಗೆ. ಅಕ್ಕ ಕೂಗಿದ್ದು ಆಗಲೇ. ಮಗಳನ್ನು ಕೇಳಿದಾಗ, ಅತ್ತಿ ಕರೆದ ಮ್ಯಾಲ ಒಂದೂ ಪ್ರಶ್ನೆ ಓದಾಕ ಆಗ್ಲಿಲ್ಲಪ್ಪ, ಸುಮ್ನ ಪೆನ್ ಹಿಡಕೊಂಡ ಕುಂತಿದ್ದೆ ಎಂದಳು. ನೀನು ಠಾಣೆಗೆ ಹೋಗಿ ನಿಜ ಹೇಳುವ ತನಕ ಪುಸ್ತಕ ಮುಟ್ಟುವುದಿಲ್ಲ ಎಂದೂ ಹೇಳಿದಳು. ಆಗಿನಿಂದ ಅಲಾರಾಂ ಹೊಡೆಯುವವರೆಗಿನ ಐವತ್ತಮೂರು ನಿಮಿಷ ಒಳಗಿದ್ದ ನಾವು ಮೂವರೂ ಏನನ್ನು ಕಾಯುತ್ತಿದ್ದೆವೋ ನನಗೆ ತಿಳಿಯದು.

ಇಂದು 15ರಂದು ಬೆಳಿಗ್ಗೆ 7.15ಕ್ಕೆ ಠಾಣೆಗೆ ಬಂದು ಪಿ.ಎಸ್.ಐ. ಪದ್ಮಶ್ರೀ ಮೇಡಂ ಅವರಲ್ಲಿ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಎರಡು ರಾತ್ರಿ ಕಳೀತಲ್ರೀ ಎಂದಷ್ಟೇ ಹೇಳಿದರು. ಬೈದಿದ್ದರೆ ವಾಸಿ ಇತ್ತು. ನಮ್ಮ ಕೆಳಗಿನ ಬೇಕರಿಯ ಕ್ಯಾಮೆರಾದಲ್ಲಿ 12.03ಕ್ಕೆ ಅಕ್ಕ ಆಟೋ ಹತ್ತಿದ್ದು ಸಿಕ್ಕಿತು. ಆಟೋದವರನ್ನು ವಿಚಾರಿಸಿ, ಮಧ್ಯಾಹ್ನ 1.40ಕ್ಕೆ ಬೇಗೂರಿನ ನಾಗೇಶ್ವರ ದೇವಸ್ಥಾನದ ಹತ್ತಿರ ಅಕ್ಕನನ್ನು ಪತ್ತೆ ಮಾಡಿದರು. ಹೋದ ಶ್ರಾವಣದಲ್ಲಿ ನಾವೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಹೂ ಮಾರುವ ಸಪ್ಪಲಮ್ಮ ಎಂಬುವರು ಎರಡು ರಾತ್ರಿ ಅವರನ್ನು ತಮ್ಮ ಮನೆಯಲ್ಲಿ ಮಲಗಿಸಿಕೊಂಡಿದ್ದರು. ಸಪ್ಪಲಮ್ಮನವರು ತಿಳಿಸಿದ್ದೇನೆಂದರೆ, ಊರಿಗೆ ಹೋಗಮ್ಮ ಅಂದ್ರೆ ಕೇಳ್ಲಿಲ್ಲ, ಮಗೀಗೆ ಗುರುವಾರ ಪರೀಕ್ಷೆಯಂತೆ, ಮುಗಿದ್ಮೇಲೆ ಅದರ ಮುಖ ನೋಡ್ಕೊಂಡು ಹೋಗ್ತೀನಿ ಅಂತ ನನ್ ಜೊತೆ ಕೂತು ಹೂ ಕಟ್ತಿದ್ರು.

3.30ಕ್ಕೆ ಅಕ್ಕ ಠಾಣೆಯಲ್ಲಿ ಹೇಳಿಕೆ ಕೊಟ್ಟರು. ಮೇಡಂ ಅದನ್ನು ನನಗೆ ಓದಿ ಹೇಳಿದರು. ತಾನು ಹೋದಾಗ ಮನೆಗೆ ಬೀಗ ಹಾಕಿತ್ತು, ತಮ್ಮನ ಮನೆಯವರು ಯಾರೂ ಇರಲಿಲ್ಲ, ಒಳಗೆ ಯಾವ ಸದ್ದೂ ಕೇಳಲಿಲ್ಲ, ತಮ್ಮನದು ಏನೂ ತಪ್ಪಿಲ್ಲ ಎಂದು ಅದರಲ್ಲಿದೆ. ಅದಕ್ಕೆ ಒಪ್ಪಿಗೆ ಕೊಟ್ಟರೆ ವಿಷಯ ಅಲ್ಲಿಗೇ ಮುಗಿಯುತ್ತದೆಂದು ನನಗೆ ಗೊತ್ತು. ಅಕ್ಕನ ಹೇಳಿಕೆ ನಿಜವಲ್ಲ. ಅಲಾರಾಂ ಹೊಡೆದಾಗ ಅವರು ತಿರುಗಿ ನೋಡಿದ್ದನ್ನು ನಾನು ಕಿಂಡಿಯಿಂದ ಕಂಡಿದ್ದೇನೆ. ನಾಲ್ಕು ವರ್ಷದವನಿದ್ದಾಗ ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಅಕ್ಕ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಗಣಿತದಲ್ಲಿ ಫೇಲಾಗಿ ಎರಡನೇ ಸಲ ಬರೆದಾಗ, ಕುಷ್ಟಗಿಯ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಮೂರು ಗಂಟೆ ನೀರಿನ ತಂಬಿಗೆ ಹಿಡಿದು ಕುಳಿತಿದ್ದರು. ಆ ಸಲ ಪಾಸಾದೆ. ಇದು ಕೇಸಿಗೆ ಬೇಕಾದ ಸಂಗತಿ ಅಲ್ಲದಿದ್ದರೂ ಹೇಳಿದ್ದೇನೆ.

ಇಲ್ಲಿಯವರೆಗಿನ ನನ್ನ ಹೇಳಿಕೆಯನ್ನು ಸಂಜೆ 5.10ಕ್ಕೆ ಅಕ್ಕನ ಎದುರಿಗೆ ಓದಿ, ಸಾಕ್ಷಿಯಾಗಿ ಹೆಬ್ಬೆಟ್ಟು ಹಾಕುವಂತೆ ಮೇಡಂ ಕೇಳಿದರು. ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಇದಕ್ಕ ನಾ ಒತ್ತೂದಿಲ್ರಿ, ನನ್ನ ತಮ್ಮ ಮನ್ಯಾಗ ಇದ್ದಿದ್ರ ಬಾಗಿಲಾ ತಗೀಲಾರದ ಇರ್ತಿರಲಿಲ್ಲ ಎಂದರು.

13ರಂದು ನಾನು ಬರೆಸಿದ್ದು ಸುಳ್ಳು. ಇಲ್ಲಿ ಬರೆಸಿದ್ದು ನಾನು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು. ಓದಿಸಿ ಕೇಳಿ ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಬೆಂಗಳೂರು
ದಿನಾಂಕ: 15-04-2025
ಸಹಿ: ಸಂಗಮೇಶ
ಸಾಕ್ಷಿ: ಖಾಲಿ ಬಿಡಲಾಗಿದೆ