ಓಣಿಯ ಸರ

ಕುರುಗೋಡು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ನೀಲಾವತಿಗೆ ಪಕ್ಕದ ಅಕ್ಕ-ತಮ್ಮನ ಮಾತು ಕಿವಿಗೆ ಬಿತ್ತು. ಕದ್ದು ಕೇಳುವುದು ತಪ್ಪೆಂದು ಅವಳು ಅದಿರು ಲಾರಿಗಳ ಕಡೆ ಮುಖ ತಿರುಗಿಸಿದಳು. ಕಿವಿ ಮಾತ್ರ ಅಲ್ಲೇ ಉಳಿಯಿತು.

"ರಜಿಯಾ ಆಪಾ, ನಿನ್ನ ರಿಟೈರ್ ರೊಕ್ಕದಾಗ ಒಡವಿ ತಗೋಬ್ಯಾಡ. ಪೇಪರ್ ಬಂಗಾರ ತಗೋ. ಕಂಪ್ಯೂಟರಿನ್ಯಾಗ ಇರ್ತೈತಿ. ಕಳ್ಳರ ಭಯ ಇಲ್ಲ, ಸವೆಯಂಗಿಲ್ಲ."

"ಕಂಪ್ಯೂಟರಿನ್ಯಾಗಿಂದು ಮದುಮಗಳ ಕೊರಳಿಗೆ ಹಾಕಾಕ ಬರ್ತೈತೇನೋ, ದಾದಾಪೀರ್?"

"ನಿನಗ ಮಕ್ಕಳೇ ಇಲ್ಲ. ಯಾವ ಮದುಮಗಳು?"

"ಓಣ್ಯಾಗ ಅದಾರಲ್ಲ! ನನ್ನ ಸರ ಹಾಕ್ಕೊಳ್ದ ಯಾವ ಹುಡುಗಿ ನಿಕಾ ಆಗ್ಯಾಳ? ಪಕ್ಕೀರಮ್ಮನ ಮಗಳೂ ಅದನ್ನ ಹಾಕ್ಕೊಂಡೇ ಧಾರಿಗೆ ಕುಂತ್ಲು."

"ಅದಕ್ಕ ಸವದು ದಾರ ಆಗೈತಿ. ಈಗೆಲ್ಲೈತಿ ಅದು?"

"ಶಮಾನ ಕೊರಳಾಗ. ನಿನ್ನೆ ಆಕಿ ಮದುವಿ ಆತು."

"ಹಿಂಗ ಹಂಚಿದ್ರ ಮುಪ್ಪಿನಾಗ ನಿನ್ನ ನೋಡೋರ್ಯಾರು?"

"ಹೋದ ವರ್ಷ ನನ್ನ ಕಾಲು ಮುರದಾಗ ಯಾರು ನೋಡಿದ್ರಲೇ? ನೀನು ಬಳ್ಳಾರ್ಯಾಗಿದ್ದಿ. ಆ ಸರ ಹಾಕ್ಕೊಂಡ ಹುಡುಗ್ಯಾರು ಗಂಡನ ಮನಿ ಬಿಟ್ಟು ದೇಶನೂರಿಂದ, ಸಿರುಗುಪ್ಪದಿಂದ ಪಾಳಿ ಹಚ್ಚಿ ಬಂದು ಗಂಜಿ ಕುಡಿಸಿದ್ರು."

ದಾದಾಪೀರ್ ಅಕ್ಕನ ಚೀಲ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.

"ಹಂಗಾದ್ರ ಎಂಥಾ ಸರ ತಗೊಂತಿ?"

"ಕೊಂಡಿ ಗಟ್ಟಿ ಇರಬೇಕು. ಈಗಿನ ಮದುಮಕ್ಕಳು ಭಾಳ ಕುಣೀತಾರ."

ಬಳ್ಳಾರಿ ಬಸ್ಸು ಬಂತು. ಅವನು ಅಕ್ಕನ ಚೀಲ ಹೊತ್ತು ಮುಂದೆ ನಡೆದ. ಕುಂಟುತ್ತ ಬಂದ ರಜಿಯಾಳ ಬರಿಗೊರಳನ್ನು ಕಂಡು ನೀಲಾವತಿ ತಾನರಿಯದೆ ಎದ್ದು ನಿಂತು ದಾರಿ ಬಿಟ್ಟಳು.