ರಟ್ಟಿನ ಡಬ್ಬದ ಬೆಳಕು

ಬಲ್ಬಿನ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ಅಕ್ಕನ ಕಂಕುಳಲ್ಲಿ ಒಳಗೆಲ್ಲ ಅಲ್ಯುಮಿನಿಯಂ ಹಾಳೆ ಅಂಟಿಸಿದ ರಟ್ಟಿನ ಡಬ್ಬವಿತ್ತು.

“ಹೋದ ಸಲ ನೀನು ಮುಂದುಗಡೆ ತೆಳು ಕಾಗದ ಕಟ್ಟಿದ್ದೆ, ಬಲ್ಬಿನ ಬಿಸಿಗೆ ಹೊತ್ಕೊಳ್ತು,” ಎಂದಳು ತಂಗಿ.

“ಈ ಸಲ ಬಿಸಿಯಾಗದ ಬಲ್ಬು, ಮುಂದೆ ದಿಂಬಿನ ಬಿಳಿ ಕವರು. ಬೆಳಕು ಹದವಾಗಿ ಬೀಳುತ್ತೆ. ಫೋಟೋ ತೆಗೆಯೋಳು ನಾನು, ಸುಮ್ನಿರು.”

“ಡಬ್ಬ ಯಾವ ಕಡೆ ಇಡ್ತೀಯ?”

“ಅಮ್ಮನ ಬಲಗಡೆ. ಲಕ್ವ ಹೊಡೆದು ವಾಲಿರೋ ಎಡಗೆನ್ನೆ ನೆರಳಲ್ಲಿ ಮುಚ್ಚಿಹೋಗುತ್ತೆ. ಸೋಮವಾರ ಮತ್ತೆ ಕೆಲಸಕ್ಕೆ ಹೋಗೋಳು, ಗುರುತಿನ ಚೀಟೀಲಿ ಚೆನ್ನಾಗಿ ಕಾಣ್ಲಿ.”

“ಅವಳನ್ನ ಕೇಳಿದ್ಯಾ?”

“ಅದರಲ್ಲಿ ಕೇಳೋದೇನಿದೆ?”

“ನಾನು ಕೇಳ್ದೆ. ‘ಗೇಟಲ್ಲಿ ಕಾವಲಿನವನು ಚೀಟೀನೂ ಮುಖಾನೂ ಹೋಲಿಸಿ ನೋಡ್ತಾನೆ. ಅರ್ಧ ಮುಖ ಮನೇಲಿಟ್ಟು ಹೋಗ್ಲಾ?’ ಅಂದ್ಲು.”

ಅಕ್ಕ ಡಬ್ಬವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. ಅಷ್ಟರಲ್ಲಿ ಅವರ ಸರದಿ ಬಂತು.

“ಬಲ್ಬು ಒಂದೇ ಅಲ್ವಾ?” ಎಂದ ಅಂಗಡಿಯವನು.

“ಎರಡು ಕೊಡಿ,” ಎಂದಳು ಅಕ್ಕ.

ಮೆಟ್ಟಿಲು ಇಳಿಯುವಾಗ ಅವಳು ತಂಗಿಗೆ ಹೇಳಿದ್ದು ಕೇಳಿಸಿತು:

“ನಿನ್ನ ದಿಂಬಿನ ಕವರೂ ಬಿಚ್ಚು. ಎಡಗಡೆಗೂ ಒಂದು ಡಬ್ಬ ಮಾಡ್ಬೇಕು.”